ಯಕೃತ್ತಿನ ಸ್ವಯಂಪ್ರತಿರಕ್ಷಣಾ ವ್ಯಾಧಿಗಳು: ಜನಾಂಗೀಯ ಮತ್ತು ಆರ್ಥಿಕ ತಾರತಮ್ಯ

ದೇಹವನ್ನು ಹೊರಗಣ ರೋಗಾಣುಗಳಿಂದ ಕಾಪಾಡಬೇಕಾದ ರಕ್ಷಣಾವ್ಯವಸ್ಥೆಯೇ ದಿಕ್ಕುಗೆಟ್ಟು, ತನ್ನದೇ ಯಕೃತ್ತಿನ ಜೀವಕೋಶಗಳನ್ನೋ ಅಲ್ಲಿಯ ಪಿತ್ತನಾಳಗಳನ್ನೋ ಪರಕೀಯವೆಂದು ಬಗೆದು ವರ್ಷಾನುಗಟ್ಟಲೆ ಸವೆಸುತ್ತ ಹೋಗುವ ದೀರ್ಘಕಾಲಿಕ ವ್ಯಾಧಿಗಳು ಮುಖ್ಯವಾಗಿ ಮೂರು. ಯಕೃತ್ತಿನ ಜೀವಕೋಶಗಳು ಉರಿಯೂತಕ್ಕೆ ಗುರಿಯಾಗುವ ಆಟೊಇಮ್ಯೂನ್ ಹೆಪಟೈಟಿಸ್ ಮೊದಲನೆಯದು. ಯಕೃತ್ತಿನೊಳಗಣ ಸೂಕ್ಷ್ಮ ಪಿತ್ತನಾಳಗಳು ನಶಿಸುವ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎರಡನೆಯದು. ದೊಡ್ಡ ಪಿತ್ತನಾಳಗಳು ಗಡುಸಾಗಿ ಅಲ್ಲಲ್ಲಿ ಸಂಕುಚಿತಗೊಳ್ಳುವ ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್ ಮೂರನೆಯದು. ಮೊದಲೆರಡು ಬಹುಮಟ್ಟಿಗೆ ಸ್ತ್ರೀಯರನ್ನು ಬಾಧಿಸತಕ್ಕವು; ಮೂರನೆಯದು ಪುರುಷರಲ್ಲಿ ಅಧಿಕ, ಮತ್ತು ಹೆಚ್ಚಿನ ರೋಗಿಗಳಲ್ಲಿ ಕರುಳಿನ ಉರಿಯೂತದೊಡನೆ ಕೂಡಿಕೊಂಡಿರುವಂಥದು. ಚಿಕಿತ್ಸೆ ದೊರೆಯದೆ ಹೋದಲ್ಲಿ ಈ ಮೂರೂ ಕಟ್ಟಕಡೆಗೆ ಯಕೃತ್ತು ಗಂಟುಗಟ್ಟಿ ಗಡುಸಾಗುವ ಸಿರೋಸಿಸ್ ಎಂಬ ಅವಸ್ಥೆಯನ್ನು ಮುಟ್ಟುತ್ತವೆ. ಇವುಗಳ ಬಾಧೆಯು ಎಲ್ಲ ಸಮುದಾಯಗಳಲ್ಲಿಯೂ ಎಲ್ಲ ಆರ್ಥಿಕ ವರ್ಗಗಳಲ್ಲಿಯೂ ಒಂದೇ ಬಗೆಯಾಗಿಲ್ಲವೆಂಬುದು ಕಳೆದ ಕಾಲು ಶತಮಾನದ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಇಂಥ ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಬ್ರಿಟನ್ನಿನಲ್ಲಿಯೂ ಆದಕಾರಣ ಇಲ್ಲಿಯ ವಿವೇಚನೆಯೂ ಬಹುಪಾಲು ಆ ದೇಶಗಳನ್ನು ಕುರಿತದ್ದಾಗಿದೆ.

ತಾರತಮ್ಯದ ವಿಚಾರಕ್ಕೆ ಬರುವ ಮುನ್ನ ಚಿಕಿತ್ಸೆಯ ಇತಿಹಾಸವನ್ನು ಸ್ವಲ್ಪ ನೋಡುವುದು ಅವಶ್ಯಕ. ಏಕೆಂದರೆ ಇಲ್ಲಿ ಸಾವಿಗೆ ಕಾರಣವಾಗುತ್ತಿರುವುದು ವೈದ್ಯವಿಜ್ಞಾನದ ಅಜ್ಞಾನವಲ್ಲವೆಂಬುದು ಅದರಿಂದ ಮನದಟ್ಟಾಗುತ್ತದೆ. ತರುಣಿಯರಲ್ಲಿ ರಕ್ತದ ಗ್ಲಾಬ್ಯುಲಿನ್ ಅಂಶವು ವಿಪರೀತ ಏರಿ ಯಕೃತ್ತು ಕೆಡುವ ವಿಚಿತ್ರ ವ್ಯಾಧಿಯೊಂದನ್ನು ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ 1950ರಲ್ಲಿ ವರ್ಣಿಸಿದನು. ಆಸ್ಟ್ರೇಲಿಯದ ಇಯಾನ್ ಮ್ಯಾಕೇ ಮತ್ತು ಅವನ ಸಂಗಡಿಗರು ಮುಂದಿನ ಹದಿನೈದು ವರ್ಷಗಳಲ್ಲಿ ಅದು ದೇಹವು ತನ್ನ ಮೇಲೆ ತಾನೇ ನಡೆಸುವ ಆಕ್ರಮಣವೆಂಬ ತಿಳಿವಳಿಕೆಯನ್ನು ಸ್ಥಾಪಿಸಿದರು. ಬ್ರಿಟನ್ನಿನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕಪದವಿಗೇರಿದ ಪ್ರಥಮ ಮಹಿಳೆಯಾದ ಷೀಲಾ ಷೆರ್ಲಾಕ್ ತನ್ನ ಸಹೋದ್ಯೋಗಿಗಳೊಡನೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸೇವಿಸಿದ 22 ಮಂದಿಯಲ್ಲಿ 3 ಮಂದಿ ತೀರಿಕೊಂಡರೆ, ಅದಿಲ್ಲದೆ ಉಳಿದ 27 ಮಂದಿಯಲ್ಲಿ 15 ಮಂದಿ ತೀರಿಕೊಂಡರು. ಪ್ರೆಡ್ನಿಸೋಲೋನ್ ಮತ್ತು ಅದರೊಡನೆ ಕೊಡುವ ಅಜಾಥಯೋಪ್ರಿನ್ ಇಂದಿಗೂ ಈ ರೋಗದ ಚಿಕಿತ್ಸೆಯ ಆಧಾರ. ಎರಡೂ ಹಳೆಯ ಔಷಧಗಳು, ಎರಡೂ ಅಗ್ಗವಾದವು. ಎರಡನೆಯದಾದ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್‌ಗೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲವು ಪ್ರಯೋಜನಕಾರಿಯೆಂದು ಫ್ರಾನ್ಸಿನ ವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಅಮೆರಿಕದಲ್ಲಿ ಈ ಉಪಯೋಗಕ್ಕೆ ಅದು 1997ರಲ್ಲಿ ಅಂಗೀಕೃತವಾಯಿತು. ಮೂರನೆಯ ವ್ಯಾಧಿಯೊಂದಕ್ಕೆ ಮಾತ್ರ ರೋಗದ ಗತಿಯನ್ನು ನಿಶ್ಚಯವಾಗಿ ತಡೆಯುವ ಔಷಧವು ಇನ್ನೂ ಲಭಿಸದೆ, ಯಕೃತ್ತಿನ ಕಸಿಯೊಂದೇ ಕಡೆಯ ಉಪಾಯವಾಗಿ ನಿಂತಿದೆ. ಆದಕಾರಣ ಮೊದಲೆರಡು ವ್ಯಾಧಿಗಳಲ್ಲಿ ಒಂದು ಸಮುದಾಯದವರು ಬದುಕಿ ಇನ್ನೊಂದು ಸಮುದಾಯದವರು ಸಾಯುತ್ತಿದ್ದಾರೆಂದರೆ, ಕಾರಣವನ್ನು ಔಷಧಶಾಲೆಯಲ್ಲಿ ಹುಡುಕುವುದಕ್ಕಿಂತ ರೋಗಿಯು ಔಷಧದವರೆಗೆ ನಡೆದುಬರಬೇಕಾದ ದಾರಿಯಲ್ಲಿ ಹುಡುಕುವುದು ಯುಕ್ತ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಿಂದ 2007ರಲ್ಲಿ ಹೊರಬಂದ ಅಧ್ಯಯನವು ಈ ಕ್ಷೇತ್ರದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವಂಥದು. ಆಟೊಇಮ್ಯೂನ್ ಹೆಪಟೈಟಿಸ್‌ನಿಂದ ಪೀಡಿತರಾದ 101 ಮಂದಿಯನ್ನು ಅಲ್ಲಿ ಪರಿಶೀಲಿಸಲಾಗಿ, ಮೊದಲ ಭೇಟಿಯ ವೇಳೆಗಾಗಲೇ ಯಕೃತ್ತಿನ ವೈಫಲ್ಯವನ್ನು ಹೊಂದಿದ್ದವರು ಆಫ್ರಿಕನ್-ಅಮೆರಿಕನ್ನರಲ್ಲಿ ಶೇ. 38ರಷ್ಟು, ಉಳಿದವರಲ್ಲಿ ಶೇ. 9ರಷ್ಟು, ಅಧ್ಯಯನದ ಅವಧಿಯಲ್ಲಿ ಮೃತರಾದವರು ಕ್ರಮವಾಗಿ ಶೇ. 24 ಮತ್ತು ಶೇ. 6ರಷ್ಟು. ಇದಕ್ಕೆ ಆರು ವರ್ಷ ಮೊದಲೇ, 2001ರಲ್ಲಿ, ಮತ್ತೊಂದು ವೈದ್ಯತಂಡವು ಕಪ್ಪುವರ್ಣೀಯ ರೋಗಿಗಳಲ್ಲಿ ಬಹುಸಂಖ್ಯಾತರು ರೋಗನಿರ್ಣಯದ ದಿನವೇ ಸಿರೋಸಿಸ್ ಹೊಂದಿರುವುದನ್ನು ಎತ್ತಿ ತೋರಿತ್ತು. ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೋದಿಂದ 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸಿರೋಸಿಸ್‌ನ ಪ್ರಮಾಣವು ಸ್ಪ್ಯಾನಿಷ್ ಭಾಷಾಮೂಲದ ಹಿಸ್ಪಾನಿಕ್ ಜನರಲ್ಲಿ ಅರ್ಧಕ್ಕಿಂತ ಮಿಗಿಲಾಗಿಯೂ ಶ್ವೇತವರ್ಣೀಯರಲ್ಲಿ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿಯೂ ಕಂಡುಬಂದಿತು; ಏಷ್ಯಮೂಲದವರಲ್ಲಿ ಸಿರೋಸಿಸ್ ಅಷ್ಟು ಹೆಚ್ಚಿಲ್ಲದಿದ್ದರೂ ಅವರ ಜೀವಿತಾವಧಿಯು ಉಳಿದವರಿಗಿಂತ ಕುಂಠಿತವಾಗಿತ್ತು. ಅದೇ ನಗರದ ಬಡವರನ್ನು ನೋಡಿಕೊಳ್ಳುವ ಸಾರ್ವಜನಿಕ ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿದ ಇನ್ನೊಂದು ಸಮೀಕ್ಷೆಯು, ಅಲ್ಲಿಗೆ ಬರುವ ಕಪ್ಪುವರ್ಣೀಯರೂ ಹಿಸ್ಪಾನಿಕರೂ ಏಷ್ಯದವರೂ ಶ್ವೇತವರ್ಣೀಯರಿಗಿಂತ ಹೆಚ್ಚಾಗಿ ಈ ರೋಗಕ್ಕೆ ತುತ್ತಾಗಿರುವರೆಂಬುದನ್ನು 2018ರಲ್ಲಿ ಪ್ರಕಟಿಸಿತು. ಇಡೀ ದೇಶದ ಆಸ್ಪತ್ರೆ ದಾಖಲಾತಿಗಳನ್ನು ಪರಿಶೀಲಿಸಿದಾಗಲೂ ಈ ರೋಗಕ್ಕಾಗಿ ಒಳರೋಗಿಗಳಾಗುವವರಲ್ಲಿ ಕಪ್ಪುವರ್ಣೀಯರ ಮತ್ತು ಹಿಸ್ಪಾನಿಕರ ಪ್ರಮಾಣವು ಜನಸಂಖ್ಯೆಯಲ್ಲಿ ಅವರ ಪಾಲನ್ನು ಮೀರಿರುವುದು ವ್ಯಕ್ತಪಟ್ಟಿದೆ. ಅನೇಕ ವರ್ಷಗಳವರೆಗೆ ವೈದ್ಯಕೀಯ ಗ್ರಂಥಗಳು ಈ ವ್ಯಾಧಿಗಳ ಆದರ್ಶರೋಗಿಯೆಂದು ಚಿತ್ರಿಸುತ್ತಿದ್ದುದು ಉತ್ತರ ಯೂರೋಪ್ ಮೂಲದ ಶ್ವೇತಸ್ತ್ರೀಯನ್ನು. ಆ ಚಿತ್ರವು ಎಷ್ಟು ಅಪೂರ್ಣವಾಗಿತ್ತೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ಇದನ್ನು ಕಂಡೊಡನೆ ಹುಟ್ಟುವ ಪ್ರಶ್ನೆ, ಇದು ರಕ್ತಗತವೋ ಸಮಾಜಗತವೋ ಎಂಬುದು. ವಂಶವಾಹಿಗಳ ಪಾತ್ರವಿಲ್ಲವೆಂದು ಸಾಧಿಸಹೊರಡುವುದು ಸತ್ಯಕ್ಕೆ ದೂರ. ಪರಕೀಯವನ್ನೂ ಸ್ವಕೀಯವನ್ನೂ ವಿಂಗಡಿಸುವ ಎಚ್‌ಎಲ್‌ಎ ವಂಶವಾಹಿಗಳಲ್ಲಿ ಉತ್ತರ ಯೂರೋಪಿನವರಿಗೆ ಡಿಆರ್3 ಮತ್ತು ಡಿಆರ್4 ಎಂಬ ಪ್ರಭೇದಗಳೂ, ಜಪಾನೀಯರಿಗೆ ಡಿಆರ್4ರದೇ ಬೇರೊಂದು ಉಪಭೇದವೂ, ದಕ್ಷಿಣ ಅಮೆರಿಕದ ಮಕ್ಕಳಿಗೆ ಡಿಆರ್13ರ ಒಂದು ಉಪಭೇದವೂ ಆಟೊಇಮ್ಯೂನ್ ಹೆಪಟೈಟಿಸ್‌ಗೆ ಎಡೆಗೊಡುತ್ತವೆ. ಒಂದೇ ಹೆಸರಿನ ರೋಗವು ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ವೇಗದಲ್ಲಿ ತೋರಿಕೊಳ್ಳುವುದಕ್ಕೆ ಇದು ಒಂದು ಕಾರಣವಾಗಿರಬಹುದು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರು 2002ರಲ್ಲಿ ಯೂರೋಪ್ ಮೂಲದವರಲ್ಲದ ರೋಗಿಗಳ ಚಿಕ್ಕ ಗುಂಪೊಂದನ್ನು ವರ್ಣಿಸುತ್ತ, ಅವರು ಕಿರಿಯ ವಯಸ್ಸಿನವರೆಂದೂ ಅವರಲ್ಲಿ ಪಿತ್ತಸ್ತಂಭನದ ಲಕ್ಷಣಗಳು ಅಧಿಕವೆಂದೂ ಸಾಮಾನ್ಯ ಚಿಕಿತ್ಸೆಗೆ ಅವರು ಮೊದಮೊದಲು ಅಷ್ಟಾಗಿ ಮಣಿಯಲಿಲ್ಲವೆಂದೂ ಗುರುತಿಸಿದರು. ಔಷಧವನ್ನು ದೇಹವು ಜೀರ್ಣಿಸುವ ಬಗೆಯಲ್ಲಿಯೂ ವ್ಯತ್ಯಾಸವುಂಟು. ಅಜಾಥಯೋಪ್ರಿನ್‌ನಿಂದ ಬಿಳಿಯ ರಕ್ತಕಣಗಳು ಅಪಾಯಕರವಾಗಿ ಕುಸಿಯಲು ಕಾರಣವಾಗುವ ನುಡ್ಟ್15 ಎಂಬ ವಂಶವಾಹಿಯ ದೋಷವು ಯೂರೋಪಿನವರಲ್ಲಿ ವಿರಳವಾಗಿಯೂ ಏಷ್ಯದವರಲ್ಲಿ ಗಣನೀಯವಾಗಿಯೂ ಇರುವುದು 2014ರ ಈಚೆಗಷ್ಟೇ ತಿಳಿದುಬಂದ ವಿಷಯ. ಇದಕ್ಕೆ ವ್ಯತಿರಿಕ್ತವಾಗಿ, ಆಫ್ರಿಕ ಮೂಲದ ಅನೇಕರಲ್ಲಿ ಬಿಳಿಯ ಕಣಗಳ ಸಂಖ್ಯೆಯು ಹುಟ್ಟಿನಿಂದಲೇ ತಗ್ಗಿನ ಮಟ್ಟದಲ್ಲಿದ್ದು ಅದರಿಂದ ಅವರಿಗೆ ಯಾವ ಹಾನಿಯೂ ಇರುವುದಿಲ್ಲ. ಇದನ್ನರಿಯದ ವೈದ್ಯನು ಯೂರೋಪಿನವರ ಅಳತೆಯನ್ನೇ ಅವರಿಗೂ ಹಿಡಿದು, ಸರಿಯಾಗಿ ಕೆಲಸಮಾಡುತ್ತಿರುವ ಔಷಧವನ್ನು ಅನವಶ್ಯಕವಾಗಿ ನಿಲ್ಲಿಸಿಬಿಡುವ ಸಂಭವವಿದೆ. ಇಲ್ಲಿ ವಂಶವಾಹಿಯ ಭೇದವು ನಿರಪಾಯಕಾರಿ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವೈದ್ಯಪದ್ಧತಿಯೇ ಅಪಾಯಕಾರಿ.

ಹೀಗಿದ್ದರೂ, ಮೇಲೆ ಹೇಳಿದ ಅಗಾಧವಾದ ಅಂತರವನ್ನು ವಂಶವಾಹಿಗಳ ತಲೆಗೆ ಕಟ್ಟಲಾಗದು. ಆಟೊಇಮ್ಯೂನ್ ಹೆಪಟೈಟಿಸ್ ಸದ್ದಿಲ್ಲದೆ ಬೆಳೆಯುವ ರೋಗ. ಎಲ್ಲ ಸಮುದಾಯಗಳನ್ನು ಕೂಡಿಸಿ ನೋಡಿದರೂ ವಯಸ್ಕರಲ್ಲಿ ಸುಮಾರು ಮೂರನೆಯ ಒಂದು ಪಾಲು ರೋಗಿಗಳು ಪತ್ತೆಯಾಗುವ ಹೊತ್ತಿಗೆ ಸಿರೋಸಿಸ್ ಹೊಂದಿರುತ್ತಾರೆ. ಬೇಗನೆ ಪತ್ತೆಯಾಗುವವರು ಹೆಚ್ಚಾಗಿ ಬೇರಾವುದೋ ಕಾರಣಕ್ಕೆ, ವಾರ್ಷಿಕ ತಪಾಸಣೆಗೋ ವಿಮೆಗೋ, ರಕ್ತಪರೀಕ್ಷೆ ಮಾಡಿಸಿಕೊಂಡು ಅದರಲ್ಲಿ ಯಕೃತ್ತಿನ ಕಿಣ್ವಗಳು ಏರಿರುವುದನ್ನು ಅಕಸ್ಮಾತ್ತಾಗಿ ಕಂಡುಕೊಂಡವರು. ಅಮೆರಿಕದಲ್ಲಿ ಆರೋಗ್ಯವಿಮೆಯು ಬಹುಮಟ್ಟಿಗೆ ಉದ್ಯೋಗಕ್ಕೆ ಅಂಟಿಕೊಂಡಿರುವುದರಿಂದ, ದಿನಗೂಲಿಯವರಿಗೂ ಮನೆಗೆಲಸದವರಿಗೂ ಅಂಥ ಅಕಸ್ಮಾತ್ ಪರೀಕ್ಷೆಯ ಅವಕಾಶವೇ ಒದಗುವುದಿಲ್ಲ. ಕಿಣ್ವಗಳು ಏರಿರುವುದು ತಿಳಿದ ಮೇಲೆಯೂ ವೈರಸ್‌ಗಳನ್ನು ತಳ್ಳಿಹಾಕುವ ಪರೀಕ್ಷೆ, ಐಜಿಜಿ ಎಂಬ ಗ್ಲಾಬ್ಯುಲಿನ್ ಮತ್ತು ಪ್ರತಿಕಾಯಗಳ ಪರೀಕ್ಷೆ, ತಜ್ಞನ ಭೇಟಿ, ಕಡೆಗೆ ಸೂಜಿ ಚುಚ್ಚಿ ಯಕೃತ್ತಿನ ತುಣುಕನ್ನು ತೆಗೆಯುವ ಬಯಾಪ್ಸಿ, ಇಷ್ಟು ಹಂತಗಳನ್ನು ದಾಟಬೇಕು. ಪ್ರತಿಯೊಂದಕ್ಕೂ ಒಂದೊಂದು ದಿನದ ಸಂಬಳವನ್ನು ಬಿಟ್ಟು ಬರಬೇಕು. ಇದರ ಮೇಲೆ, ಬಡವನ ಯಕೃತ್ತು ಕೆಟ್ಟಿದೆಯೆಂದರೆ ಅವನು ಕುಡಿಯುತ್ತಿರಬೇಕೆಂಬ ಪೂರ್ವಗ್ರಹವೊಂದು ಎಷ್ಟೋ ಕಡೆ ರೋಗನಿರ್ಣಯವನ್ನು ತಪ್ಪುದಾರಿಗೆಳೆಯುತ್ತದೆ. ಕಪ್ಪುಚರ್ಮದ ಮೇಲೆ ಕಾಮಾಲೆಯ ಹಳದಿಯು ಸುಲಭವಾಗಿ ಕಾಣದು. ಕಣ್ಣಿನ ಬಿಳಿಭಾಗವನ್ನು ನೋಡಬೇಕೆಂಬ ಎಚ್ಚರವಿಲ್ಲದ ಅವಸರದ ತಪಾಸಣೆಯಲ್ಲಿ ಅದು ತಪ್ಪಿಹೋಗುವುದು ಸಹಜ.

ಚಿಕಿತ್ಸೆ ಆರಂಭವಾದ ಬಳಿಕದ ಕಷ್ಟವು ಬೇರೆ ತೆರನಾದದ್ದು. ಮಾತ್ರೆಗಳು ಅಗ್ಗ, ಆದರೆ ಅವುಗಳೊಡನೆ ವರ್ಷಗಟ್ಟಲೆ ನಡೆಯಬೇಕಾದ ರಕ್ತಪರೀಕ್ಷೆಗಳೂ ವೈದ್ಯರ ಭೇಟಿಗಳೂ ಅಗ್ಗವಲ್ಲ. ರೋಗವು ಶಾಂತವಾದ ಮೇಲೂ ಕನಿಷ್ಠಪಕ್ಷ ಎರಡು ವರ್ಷ ಔಷಧ ನಡೆಯಬೇಕೆಂಬುದು ವಾಡಿಕೆ, ಮತ್ತು ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಅದು ಮರುಕಳಿಸುತ್ತದೆ. ಸ್ಟೀರಾಯ್ಡ್ ಸೇವನೆಯಿಂದ ಸಕ್ಕರೆಕಾಯಿಲೆ, ರಕ್ತದೊತ್ತಡ, ಮೂಳೆಸವೆತ, ಮುಖ ಊದಿಕೊಳ್ಳುವುದು ಇವೆಲ್ಲ ಉಂಟಾಗುತ್ತವಷ್ಟೆ. ಸಕ್ಕರೆಕಾಯಿಲೆಯೂ ರಕ್ತದೊತ್ತಡವೂ ಮೊದಲೇ ಮನೆಮಾಡಿರುವ ಬಡ ಬಡಾವಣೆಗಳ ರೋಗಿಯು ಯಕೃತ್ತನ್ನು ಉಳಿಸಿಕೊಳ್ಳಲು ಹೊರಟು ಬೇರೆ ಅಂಗಗಳನ್ನು ಒತ್ತೆಯಿಡುವ ಇಕ್ಕಟ್ಟಿಗೆ ಸಿಲುಕುತ್ತಾನೆ. ಇಂಥ ಸ್ಥಿತಿಯಲ್ಲಿ ಔಷಧವನ್ನು ಅರ್ಧಕ್ಕೆ ಬಿಟ್ಟವನನ್ನು ಅಲಕ್ಷ್ಯದ ರೋಗಿಯೆಂದು ದಾಖಲೆಯಲ್ಲಿ ಬರೆದಿಡುವುದು ನ್ಯಾಯವಲ್ಲ.

ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್‌ನ ವಿಚಾರದಲ್ಲಿ ಅಮೆರಿಕದ ಅನೇಕ ಕೇಂದ್ರಗಳು ಕೂಡಿ 2007ರಲ್ಲಿ ಪ್ರಕಟಿಸಿದ ವರದಿಯೊಂದು ವಿಶೇಷ ಮನನಕ್ಕೆ ಅರ್ಹವಾಗಿದೆ. ಹೊಸ ಚಿಕಿತ್ಸೆಯೊಂದರ ಪ್ರಯೋಗಕ್ಕಾಗಿ ರೋಗಿಗಳನ್ನು ಆಯ್ದುಕೊಳ್ಳುವಾಗ, ಆಫ್ರಿಕನ್-ಅಮೆರಿಕನ್ನರೂ ಹಿಸ್ಪಾನಿಕರೂ ರೋಗವು ತೀರ ಮುಂದುವರಿದಿದ್ದ ಕಾರಣಕ್ಕಾಗಿಯೇ ಶ್ವೇತವರ್ಣೀಯರಿಗಿಂತ ಹೆಚ್ಚಾಗಿ ಪ್ರಯೋಗದಿಂದ ಹೊರಗುಳಿದರೆಂಬುದು ಅದರ ತಾತ್ಪರ್ಯ. ಇದರ ಪರಿಣಾಮ ದೂರಗಾಮಿಯಾದದ್ದು: ತಡವಾಗಿ ಬಂದವರು ಪ್ರಯೋಗಕ್ಕೆ ಅನರ್ಹರಾಗುತ್ತಾರೆ, ಅವರಿಲ್ಲದೆ ಸಿದ್ಧವಾದ ಔಷಧದ ಪ್ರಮಾಣಗಳೂ ನಿಯಮಗಳೂ ಆರಂಭದಲ್ಲೇ ಬಂದವರ ದೇಹಕ್ಕೆ ಹೊಂದುವಂಥವಾಗುತ್ತವೆ, ಮುಂದೆ ಅದೇ ಔಷಧವು ತಡವಾಗಿ ಬಂದವರಲ್ಲಿ ಫಲಕೊಡದಿದ್ದಾಗ ಅವರ ಜನಾಂಗವೇ ಹಾಗೆಂಬ ತೀರ್ಮಾನಕ್ಕೆ ಆಸ್ಪದವಾಗುತ್ತದೆ. ಮಯಾಮಿಯ ವೈದ್ಯರು 2014ರಲ್ಲಿ ಹಿಸ್ಪಾನಿಕ್ ರೋಗಿಗಳಲ್ಲಿ ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಪ್ರಭಾವವು ಕಡಮೆಯೆಂದೂ ಅವರಲ್ಲಿ ಆಟೊಇಮ್ಯೂನ್ ಹೆಪಟೈಟಿಸ್‌ನ ಲಕ್ಷಣಗಳು ಮಿಶ್ರವಾಗಿರುವುದು ಹೆಚ್ಚೆಂದೂ ತಿಳಿಸಿದರು. ಇದು ಉಪಯುಕ್ತವಾದ ತಿಳಿವಳಿಕೆಯೇ ಸರಿ. ಆದರೆ ಇದನ್ನು ಇಡೀ ಒಂದು ಜನದ ಸ್ವಭಾವವೆಂದು ಭಾವಿಸದೆ, ಅಂಥ ರೋಗಿಗೆ ಎರಡನೆಯ ಔಷಧದ ಬಗ್ಗೆ ಬೇಗನೆ ಯೋಚಿಸಬೇಕೆಂಬ ಸೂಚನೆಯೆಂದು ಗ್ರಹಿಸುವುದು ಲೇಸು.

ಮೂರನೆಯ ವ್ಯಾಧಿಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಸ್ಕ್ಯಾಂಡಿನೇವಿಯದ ರೋಗವೆಂದು ಪ್ರಸಿದ್ಧವಾದ ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್ ಕಪ್ಪುವರ್ಣೀಯರಲ್ಲಿ ವಿರಳವೇನಲ್ಲವೆಂದು ಉತ್ತರ ಅಮೆರಿಕದ ಆಸ್ಪತ್ರೆಗಳ ಒಕ್ಕೂಟವೊಂದು 2018ರಲ್ಲಿ ಸಾರಿತು. ಕಸಿಗಾಗಿ ನೋಂದಾಯಿಸಿಕೊಳ್ಳುವ ಆಫ್ರಿಕನ್-ಅಮೆರಿಕನ್ ರೋಗಿಗಳು ಇತರರಿಗಿಂತ ಕಿರಿಯ ವಯಸ್ಸಿನವರೂ ಹೆಚ್ಚು ಉಲ್ಬಣಸ್ಥಿತಿಯವರೂ ಆಗಿರುವುದು ಅದಕ್ಕೆ ಮುಂಚೆಯೇ ತಿಳಿದಿತ್ತು.

ಆದಿವಾಸಿ ಸಮುದಾಯಗಳ ಸಂಗತಿ ಇನ್ನೂ ಗಂಭೀರ. ನಾರ್ವೆಯ ಆಸ್ಲೋ ಪ್ರಾಂತದಲ್ಲಿ ಆಟೊಇಮ್ಯೂನ್ ಹೆಪಟೈಟಿಸ್ ಲಕ್ಷ ಜನರಿಗೆ 16.9 ಮಂದಿಯಲ್ಲಿ ಇದ್ದುದಾಗಿ 1998ರಲ್ಲಿ ಲೆಕ್ಕ ಸಿಕ್ಕಿದ್ದರೆ, ಅಲಾಸ್ಕದ ಮೂಲನಿವಾಸಿಗಳಲ್ಲಿ ಅದು 42.9 ಎಂದು 2002ರಲ್ಲಿ ಪ್ರಕಟವಾಯಿತು. ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ಯಕೃತ್ತಿನ ಕಸಿಗೆ ಕಳುಹಿಸಲ್ಪಡುವ ಮೂಲನಿವಾಸಿಗಳಲ್ಲಿ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್‌ನ ಪ್ರಮಾಣವು ಅವರ ಜನಸಂಖ್ಯೆಗೆ ತಾಳೆಯಾಗದಷ್ಟು ಅಧಿಕ. ಅಲಾಸ್ಕದ ಅಂಕಿಯು ದೊರೆತದ್ದು, ಅಲ್ಲಿಯ ಮೂಲನಿವಾಸಿಗಳ ಆರೋಗ್ಯವ್ಯವಸ್ಥೆಯು ದೂರದೂರದ ಹಳ್ಳಿಗಳ ರೋಗಿಗಳನ್ನೆಲ್ಲ ಒಂದೇ ಜಾಲದಲ್ಲಿ ಇರಿಸಿಕೊಂಡಿದ್ದರಿಂದ. ಶ್ರದ್ಧೆಯಿಂದ ಎಣಿಸಿದಲ್ಲಿ ರೋಗವು ಕಾಣಿಸುತ್ತದೆ. ಎಣಿಸದ ಕಡೆ ಅದು ವಿರಳವೆಂಬ ನಂಬಿಕೆಯು ಬೇರೂರುತ್ತದೆ.

ಕಸಿಯ ಸರದಿಯಲ್ಲಿ ನ್ಯಾಯವನ್ನು ಸ್ಥಾಪಿಸಲು ಅಮೆರಿಕದಲ್ಲಿ ನಡೆದ ಪ್ರಯತ್ನವು ಬೋಧಪ್ರದವಾಗಿದೆ. 2002ರ ಫೆಬ್ರವರಿಯಲ್ಲಿ, ರಕ್ತಪರೀಕ್ಷೆಯ ಕೆಲವು ಅಂಕಿಗಳಿಂದ ಮರಣದ ಸಾಮೀಪ್ಯವನ್ನು ಗಣಿಸುವ ಮೆಲ್ಡ್ ಎಂಬ ಮಾನವು ಅಂಗಾಂಗ ಹಂಚಿಕೆಗೆ ಆಧಾರವಾಯಿತು. ಅದಕ್ಕೆ ಮೊದಲು ಸರದಿಯಲ್ಲಿದ್ದ ಕಪ್ಪುವರ್ಣೀಯರು ಮೂರು ವರ್ಷದೊಳಗೆ ಸಾಯುವ ಅಥವಾ ಕಸಿಗೆ ಮೀರಿದಷ್ಟು ಕೃಶರಾಗುವ ಸಂಭವವು ಶ್ವೇತವರ್ಣೀಯರಿಗಿಂತ ಹೆಚ್ಚಾಗಿದ್ದಿತು. ಹೊಸ ಮಾನವು ಬಂದ ಬಳಿಕ ಆ ಅಂತರವು ಅಳಿಸಿಹೋಯಿತೆಂದು 2008ರ ಅಧ್ಯಯನವೊಂದು ತೋರಿಸಿತು. ಆದರೆ ಅದೇ ಅಧ್ಯಯನವು ಸ್ತ್ರೀಯರು ಪುರುಷರಿಗಿಂತ ಹಿಂದೆ ಬಿದ್ದುದನ್ನೂ ತೋರಿಸಿತು: ಮಾನದಲ್ಲಿ ಸೇರಿರುವ ಕ್ರಿಯಾಟಿನಿನ್ ಎಂಬ ಅಂಶವು ಸ್ನಾಯುಗಳ ಗಾತ್ರವನ್ನು ಅವಲಂಬಿಸಿರುವುದರಿಂದ, ಕೃಶಾಂಗಿಯಾದ ಸ್ತ್ರೀಯ ಮೂತ್ರಪಿಂಡವು ಕೆಟ್ಟಿದ್ದರೂ ಅಂಕಿಯು ಸೌಮ್ಯವಾಗಿಯೇ ಕಾಣುತ್ತದೆ. ಈ ಲೇಖನದ ವಸ್ತುವಾದ ರೋಗಗಳಲ್ಲಿ ಎರಡು ಮುಖ್ಯವಾಗಿ ಸ್ತ್ರೀಯರವೆಂಬುದನ್ನು ನೆನೆದರೆ ಈ ದೋಷದ ಭಾರ ತಿಳಿದೀತು. ಅದನ್ನು ತಿದ್ದಿದ ಮೆಲ್ಡ್ 3.0 ಜಾರಿಗೆ ಬಂದದ್ದು 2023ರ ಜುಲೈಯಲ್ಲಿ. ಇಷ್ಟಾದರೂ ಈ ಮಾನಗಳು ನ್ಯಾಯ ಒದಗಿಸುವುದು ಪಟ್ಟಿಯಲ್ಲಿ ಹೆಸರು ಸೇರಿದವರಿಗೆ ಮಾತ್ರ. ವಿಮೆಯಿಲ್ಲವೆಂದೋ, ಶಸ್ತ್ರಚಿಕಿತ್ಸೆಯ ಅನಂತರ ನೋಡಿಕೊಳ್ಳುವ ಬಂಧುವಿಲ್ಲವೆಂದೋ, ಕಸಿಕೇಂದ್ರವು ನೂರಾರು ಮೈಲಿ ದೂರವೆಂದೋ ಪಟ್ಟಿಯ ಬಾಗಿಲಿನವರೆಗೂ ಬಾರದೆ ಹೋದವರು ಯಾವ ಅಂಕಿಯೊಳಗೂ ಸೇರುವುದಿಲ್ಲ. ತಾರತಮ್ಯದ ದೊಡ್ಡ ಭಾಗವು ಅಡಗಿರುವುದು ಅಲ್ಲಿಯೇ ಎಂಬುದು ಈ ಲೇಖಕನ ನಿಶ್ಚಿತ ಅಭಿಪ್ರಾಯ.

ಎಲ್ಲರಿಗೂ ಸರ್ಕಾರಿ ವೈದ್ಯಸೇವೆಯಿರುವ ಬ್ರಿಟನ್ನಿನಲ್ಲಿ ವಿಮೆಯ ಪ್ರಶ್ನೆಯಿಲ್ಲ; ಆದರೂ ಭೇದವು ಮಾಯವಾಗಿಲ್ಲ. ಬರ್ಮಿಂಗ್‌ಹ್ಯಾಮಿನ ವೈದ್ಯರು 1996ರಲ್ಲಿ, ದಕ್ಷಿಣ ಏಷ್ಯದಿಂದ ಬಂದು ನೆಲಸಿದ ಮೊದಲ ತಲೆಮಾರಿನವರಲ್ಲಿ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಕೊನೆಯ ಹಂತಕ್ಕೆ ತಲಪಿ ಕಸಿಗೆ ಬರುತ್ತಿದ್ದುದನ್ನು ವರದಿಮಾಡಿದರು. 2018ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯು, ಆಟೊಇಮ್ಯೂನ್ ಹೆಪಟೈಟಿಸ್‌ನ ಚಿಕಿತ್ಸೆಯೂ ಫಲವೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತಿರುವುದನ್ನೂ ಕಸಿಕೇಂದ್ರಗಳಲ್ಲಿ ರೋಗಶಮನದ ಪ್ರಮಾಣವು ಮೇಲಿರುವುದನ್ನೂ ಬೆಳಕಿಗೆ ತಂದಿತು. ವಾಸದ ನೆಲೆಯೂ ಲೆಕ್ಕಕ್ಕೆ ಬರುತ್ತದೆ. ಷೆಫೀಲ್ಡ್ ನಗರದಲ್ಲಿ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ರೋಗಿಗಳಲ್ಲಿ ಬಹುಪಾಲು ಜನರು ಒಂದೇ ಜಲಾಶಯದ ನೀರು ಕುಡಿಯುತ್ತಿದ್ದವರೆಂಬುದು 1980ರಲ್ಲಿ ಕಂಡುಬಂದಿತು. ನ್ಯೂಯಾರ್ಕಿನಲ್ಲಿ ವಿಷತ್ಯಾಜ್ಯ ಸುರಿದ ಭೂಮಿಗಳ ಸಮೀಪ ಅದೇ ರೋಗವು ಅಧಿಕವಾಗಿರುವುದನ್ನು 2006ರಲ್ಲಿ ಗುರುತಿಸಲಾಯಿತು. ಕಾರ್ಯಕಾರಣ ಸಂಬಂಧವು ಇದರಿಂದ ಸಿದ್ಧವಾಗಲಿಲ್ಲ. ಆದರೆ ಅಂಥ ಭೂಮಿಯ ಬಳಿ ಮನೆಕಟ್ಟಿಕೊಂಡಿರುವವರು ಬಹುಮಟ್ಟಿಗೆ ಬಡವರೆಂಬುದಕ್ಕೆ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಈ ಅಧ್ಯಯನಗಳ ಒಂದು ನ್ಯೂನತೆಯನ್ನೂ ಹೇಳಬೇಕು. ಅಮೆರಿಕದ ಸರ್ಕಾರವು 1977ರಲ್ಲಿ ನಿಗದಿಪಡಿಸಿ ಮುಂದೆ ತಿದ್ದುತ್ತ ಬಂದ ಜನವಿಭಾಗಗಳೇ ವೈದ್ಯಕೀಯ ದಾಖಲೆಗಳಲ್ಲಿಯೂ ನಡೆದುಬಂದಿವೆ. ಅದರಂತೆ ಜಪಾನಿನವನೂ ಫಿಲಿಪೀನ್ಸಿನವನೂ ಮೈಸೂರಿನಿಂದ ಹೋದವನೂ ಏಷ್ಯನ್ ಎಂಬ ಒಂದೇ ಅಂಕಣದಲ್ಲಿ ಸೇರುತ್ತಾರೆ. ಅವರ ವಂಶವಾಹಿಗಳಿಗಾಗಲಿ ಆಹಾರಕ್ಕಾಗಲಿ ಆದಾಯಕ್ಕಾಗಲಿ ಪರಸ್ಪರ ಸಂಬಂಧವಿಲ್ಲ. ಜನಾಂಗವನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ವರಮಾನವನ್ನೂ ವಿದ್ಯಾಭ್ಯಾಸವನ್ನೂ ಆಸ್ಪತ್ರೆಯ ದೂರವನ್ನೂ ಬರೆದುಕೊಂಡಿದ್ದರೆ, ಜನಾಂಗದ ಲೆಕ್ಕಕ್ಕೆ ಸೇರಿದ ಎಷ್ಟೋ ವ್ಯತ್ಯಾಸಗಳು ಬಡತನದ ಲೆಕ್ಕಕ್ಕೆ ಜಮೆಯಾಗುತ್ತಿದ್ದುವು.

ಭಾರತದಲ್ಲಿ ಆಟೊಇಮ್ಯೂನ್ ಹೆಪಟೈಟಿಸ್ ಅಪರೂಪವೆಂಬ ಭಾವನೆಯು ಬಹುಕಾಲ ಇದ್ದಿತು. ದೆಹಲಿಯ ವೈದ್ಯರು 2001ರಲ್ಲಿ ತಮ್ಮ ಏಳು ವರ್ಷಗಳ ಅನುಭವವನ್ನು ಪ್ರಕಟಿಸಿದಾಗ, ದೀರ್ಘಕಾಲಿಕ ಯಕೃತ್ ವ್ಯಾಧಿಯಿಂದ ಬಂದವರಲ್ಲಿ ಇದರ ಪಾಲು ಶೇ. 2ಕ್ಕೂ ಕಡಮೆಯೆಂದು ಕಂಡಿತಾದರೂ, ಈ ರೋಗವು ಇಲ್ಲಿಯೂ ಇದೆಯೆಂಬುದು ನಿಸ್ಸಂದೇಹವಾಗಿ ಸ್ಥಾಪಿತವಾಯಿತು. ನಮ್ಮಲ್ಲಿ ಯಕೃತ್ತಿನ ಕಸಿಯು ಬಹುತೇಕ ಖಾಸಗಿ ಆಸ್ಪತ್ರೆಗಳಲ್ಲಿ, ಬದುಕಿರುವ ಬಂಧುಗಳು ಕೊಟ್ಟ ಅಂಗದಿಂದ ನಡೆಯುತ್ತದೆ. ಕೊಡುವವರಲ್ಲಿ ಸ್ತ್ರೀಯರು ಹೆಚ್ಚು, ಪಡೆಯುವವರಲ್ಲಿ ಪುರುಷರು ಹೆಚ್ಚು. ಸ್ತ್ರೀಯರನ್ನೇ ಹೆಚ್ಚಾಗಿ ಬಾಧಿಸುವ ರೋಗಕ್ಕೆ ಇದಕ್ಕಿಂತ ಪ್ರತಿಕೂಲವಾದ ವ್ಯವಸ್ಥೆಯನ್ನು ಊಹಿಸುವುದು ಕಷ್ಟ. ಕನ್ನಡನಾಡಿನಲ್ಲಿ ಕಾಮಾಲೆಯಾದವರನ್ನು ನಾಟಿ ಮದ್ದಿಗೆ ಕರೆದೊಯ್ಯುವುದು ರೂಢಿಯಲ್ಲಿದೆ. ವೈರಸ್‌ನಿಂದ ಬಂದ ಸಾಮಾನ್ಯ ಕಾಮಾಲೆಯು ಬಹುಮಟ್ಟಿಗೆ ತಾನಾಗಿ ಇಳಿಯುವುದರಿಂದ ಆ ಮದ್ದಿಗೆ ಕೀರ್ತಿ ಬರುತ್ತದೆ. ಆಟೊಇಮ್ಯೂನ್ ಹೆಪಟೈಟಿಸ್ ಕೂಡ ಏರಿಳಿಯುವ ಸ್ವಭಾವದ್ದಾದ್ದರಿಂದ ಒಂದು ಸಲ ಇಳಿದಾಗ ಗುಣವಾಯಿತೆಂಬ ಸಮಾಧಾನವುಂಟಾಗಿ, ಒಳಗೆ ಯಕೃತ್ತು ಗಂಟುಗಟ್ಟುತ್ತಲೇ ಇರುತ್ತದೆ. ಆದಕಾರಣ ಮನೆಯ ಹೆಣ್ಣುಮಗಳಿಗೆ ಕಾಮಾಲೆಯು ಎರಡನೆಯ ಸಲ ಮರುಕಳಿಸಿದರೆ, ಅಥವಾ ಕಾರಣ ತಿಳಿಯದ ಆಯಾಸವೂ ಮೈನವೆಯೂ ತಿಂಗಳುಗಟ್ಟಲೆ ಉಳಿದರೆ, ವೈರಸ್ ಪರೀಕ್ಷೆಯೊಂದಕ್ಕೇ ತೃಪ್ತರಾಗದೆ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ ಐಜಿಜಿ ಮತ್ತು ಪ್ರತಿಕಾಯಗಳ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕೆಂದು ಓದುಗರಲ್ಲಿ ವಿನಂತಿ.